ಐದು ಸಾಲು ಮುಳ್ಳುತಂತಿಗೆ ಮೇಕೆ ನಿಲ್ಲುತ್ತದೆಯೇ?

ಪ್ರಶ್ನೆ: ಚಿಕ್ಕನಾಯಕನಹಳ್ಳಿ ತಾಲೂಕಿನಲ್ಲಿ ನಮ್ಮದು ಎರಡು ಎಕರೆ ಖುಷ್ಕಿ. 528 ಅಡಿ ಉದ್ದ, 165 ಅಡಿ ಅಗಲದ ಪಟ್ಟಿ. ಮೇಲಿನ ಭಾಗ ಕೆಂಪು ಮಣ್ಣು, ಕೆಳಗೆ ಹಳ್ಳದ ಕಡೆ ಎರೆ. ರಾಗಿ ಬಿಟ್ಟು ಮೇವು ಬೆಳೆಸಿ 12 ಮೇಕೆ, 6 ಕುರಿ, 2 ಹಸು ಮೇಯಿಸಬೇಕೆಂದಿದ್ದೇವೆ. ಪಕ್ಕದವರ ದನ ನುಗ್ಗುತ್ತವೆ, ಹೋದ ವರ್ಷ ನಾಯಿಗಳು ಎರಡು ಮರಿ ಎಳೆದುಕೊಂಡು ಹೋದವು. ಬೇಲಿಯವರು 10 ಅಡಿಗೊಂದು ಕಲ್ಲು, ಐದು ಸಾಲು ಮುಳ್ಳುತಂತಿ ಸಾಕು ಅನ್ನುತ್ತಾರೆ. ಮಾವನವರು ಕತ್ತಾಳೆ, ಲಂಟಾನ ನೆಟ್ಟರೆ ಖರ್ಚೇ ಇಲ್ಲ ಅನ್ನುತ್ತಾರೆ. ರಾತ್ರಿ ಮಾತ್ರ ಕರೆಂಟ್ ಕೊಡಿ ಎಂದವರೂ ಇದ್ದಾರೆ. ಕೆಲಸಕ್ಕೆ ಮನೆಯವರೇ ಇದ್ದೇವೆ: ನಾನು, ನಮ್ಮ ಯಜಮಾನರು, 68 ವರ್ಷದ ಮಾವ, ಪಿಯುಸಿ ಓದುವ ಮಗ, ಎಂಟನೇ ತರಗತಿಯ ಮಗಳು. ನಾವೇ ಕಟ್ಟಿಕೊಳ್ಳಬಹುದೇ? ಎಲ್ಲ ಕಂಬಕ್ಕೂ ಸಿಮೆಂಟ್ ಬೇಕೇ?

ಉತ್ತರ: ಕಟ್ಟಿಕೊಳ್ಳಬಹುದು, ಕಲ್ಲು ನಿಲ್ಲಿಸುವ ಕೆಲಸವೊಂದನ್ನು ಬಿಟ್ಟು. ಸಿಮೆಂಟ್ ಒಂಬತ್ತು ಕಂಬಕ್ಕೆ ಸಾಕು. ಐದು ಸಾಲು ಮುಳ್ಳುತಂತಿಗೆ ಪಕ್ಕದವರ ದನ ನಿಲ್ಲಬಹುದು, ನಿಮ್ಮ ಮೇಕೆ ನಿಲ್ಲುವುದಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಬೇಲಿಗಳ ಮಾತು ಒಂದರೊಳಗೊಂದು ಬೆರೆತಿದೆ. ಹೊರಗಿನ ದನ ತಡೆಯುವುದು ಒಂದು ಬೇಲಿ, ನಾಯಿ ತಡೆಯುವುದು ಇನ್ನೊಂದು, ಮೇಕೆಯನ್ನು ಒಳಗಿಡುವುದು ಮತ್ತೊಂದು. ದನ ಎದೆಯಿಂದ ನೂಕುತ್ತದೆ, ಹಾಗಾಗಿ ಅದಕ್ಕೆ ತಡೆ ಬೇಕಾದದ್ದು ಮೂರು, ನಾಲ್ಕು ಅಡಿ ಎತ್ತರದಲ್ಲಿ. ನಾಯಿ ಬೇಲಿ ಹಾರುವುದು ಅಪರೂಪ, ಅದು ನುಸುಳುವುದು ಬುಡದಲ್ಲಿ. ಮೇಕೆ ಎಲ್ಲವನ್ನೂ ಮಾಡುತ್ತದೆ. ಐದು ಅಡಿಯಲ್ಲಿ ಐದು ಸಾಲು ಎಂದರೆ ಸಾಲಿನ ನಡುವೆ ಹತ್ತು, ಹನ್ನೆರಡು ಅಂಗುಲ ಸಂದು. ಮೇಕೆ ತಲೆ ತೂರಿಸಿ, ಭುಜ ಓರೆ ಮಾಡಿ ಆಚೆ ಹೋಗುತ್ತದೆ, ಮರಿಗೆ ಅಷ್ಟು ಕಷ್ಟವೂ ಬೇಡ. ಕುರಿ ಹೋಗಲು ಹೋಗಿ ಉಣ್ಣೆ ಸಿಕ್ಕಿಸಿಕೊಂಡು ಅಲ್ಲೇ ನಿಲ್ಲುತ್ತದೆ. ಕೆಳಗಿನ ಸಾಲು ದಾಟುವಾಗ ಹಸುವಿನ ಕೆಚ್ಚಲು ಸೀಳಿದ ಪ್ರಕರಣಗಳು ಪಶುವೈದ್ಯರಿಗೆ ಹೊಸದಲ್ಲ. ಐದನ್ನು ಎಂಟು ಸಾಲು ಮಾಡಿದರೂ ಸಂದು ಕಿರಿದಾಗುತ್ತದೆ ಅಷ್ಟೆ. ತಂತಿಯನ್ನು ಮೇಲೆ ಕೆಳಗೆ ಹಿಡಿದಿಡುವ ಅಡ್ಡ ಹೆಣಿಗೆ ಇಲ್ಲದಿರುವುದರಿಂದ ಮೇಕೆ ಎರಡು ಸಾಲನ್ನು ಅಗಲಿಸಿಕೊಂಡೇ ನುಗ್ಗುತ್ತದೆ.

ಹಾಗಾಗಿ ನಿಮಗೆ ಹೊಂದುವುದು ಜಾಲರಿ. ನೆಲದಿಂದ ನಾಲ್ಕು ಅಡಿವರೆಗೆ ಚೈನ್‌ಲಿಂಕ್, ಅದರ ಮೇಲೆ ಎರಡು ಸಾಲು ಮುಳ್ಳುತಂತಿ. ಕಣ್ಣು ಮೂರು ಅಂಗುಲ ಇರಲಿ. ಆರು ಅಂಗುಲದ ಚೌಕವಿರುವ ಗಂಟುಜಾಲರಿ ಅಗ್ಗವಾಗಿ ಸಿಗುತ್ತದೆ, ಆದರೆ ಕೊಂಬಿನ ಮೇಕೆ ಅದರಲ್ಲಿ ತಲೆ ಹಾಕುತ್ತದೆ, ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಬಿಸಿಲಲ್ಲಿ ಹಾಗೇ ಸಿಕ್ಕಿಕೊಂಡಿದ್ದರೆ ಸಾಯುತ್ತದೆ, ನಾಯಿಗೂ ಸುಲಭದ ತುತ್ತು.

ಮಾವನವರ ಮಾತಿನಲ್ಲಿ ಅರ್ಧ ಸರಿ. ಜೀವಂತ ಬೇಲಿ ಒಳ್ಳೆಯದು, ಲಂಟಾನ ಮಾತ್ರ ಬೇಡವೇ ಬೇಡ. ಅದರ ಎಲೆ ದನ, ಕುರಿಗಳ ಪಿತ್ತಜನಕಾಂಗ ಕೆಡಿಸುತ್ತದೆ. ಕಾಮಾಲೆ ಬಂದು, ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುತ್ತದೆ. ಹಸಿರು ಮೇವಿಲ್ಲದ ಬೇಸಿಗೆಯಲ್ಲೇ ಪ್ರಾಣಿ ಅದಕ್ಕೆ ಬಾಯಿ ಹಾಕುವುದು. ಕತ್ತಾಳೆ ಒಂದಕ್ಕೊಂದು ಸೇರಿ ಗೋಡೆಯಾಗಲು ಮೂರ್ನಾಲ್ಕು ವರ್ಷ ಬೇಕು, ಅಷ್ಟಾದ ಮೇಲೂ ಬುಡದ ಸಂದಿನಲ್ಲಿ ನಾಯಿ ಬರುತ್ತದೆ. ಬಳ್ಳಾರಿ ಜಾಲಿ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಕಾಯಿ ತಿಂದ ಕುರಿ, ಮೇಕೆಯ ಹಿಕ್ಕೆಯಲ್ಲೇ ಬೀಜ ಹೊಲದ ತುಂಬ ಹರಡುತ್ತದೆ, ಆಮೇಲೆ ಮೇವು ಇರುವುದಿಲ್ಲ, ಜಾಲಿ ಇರುತ್ತದೆ. ನೆಡುವುದಾದರೆ ತಂತಿ ಬೇಲಿಯ ಹೊರಗೆ, ಮೇಕೆಯ ಬಾಯಿಗೆ ಎಟುಕದ ಹಾಗೆ ಎರಡಡಿ ಬಿಟ್ಟು, ಮುಂಗಾರಿನ ಮೊದಲ ಹದ ಮಳೆಗೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ನೆಡಿ. ಹೆಬ್ಬೆರಳಿಗಿಂತ ದಪ್ಪನೆಯ, ನಾಲ್ಕೈದು ಅಡಿ ಉದ್ದದ ಕಡ್ಡಿ, ಒಂದೂವರೆ ಅಡಿಗೊಂದು. ಆ ಎರಡಡಿ ನಿಮ್ಮ ಜಮೀನಿನ ಒಳಗೇ ಬರಬೇಕು ಎಂಬುದನ್ನು ಬೇಲಿಯ ಗೆರೆ ಎಳೆಯುವಾಗಲೇ ನೆನಪಿಡಿ. ಎರಡು ವರ್ಷದ ನಂತರ ಸೊಪ್ಪು ಕಡಿದು ಬಾಡಿಸಿ ಮೇಕೆಗೆ ಹಾಕಬಹುದು.

ಕರೆಂಟ್ ಕೊಡಿ ಎಂದವರ ಮಾತು ಇವತ್ತೇ ಮರೆತುಬಿಡಿ. ಮನೆಯ 230 ವೋಲ್ಟ್ ಎಡೆಬಿಡದೆ ಹರಿಯುತ್ತದೆ. ತಂತಿ ಹಿಡಿದ ಕೈಯ ಸ್ನಾಯು ಬಿಗಿದು ಬಿಡಿಸಿಕೊಳ್ಳಲು ಆಗುವುದಿಲ್ಲ. ಸಾಯುವುದು ಹೆಚ್ಚಾಗಿ ಮನೆಯವರೇ ಇಲ್ಲ ನೆರೆಯವರೇ, ಸ್ವಿಚ್ ಆರಿಸಲು ಮರೆತ ಬೆಳಗ್ಗೆ. ಅದು ಅಪರಾಧವೂ ಹೌದು, ಕಾಡುಪ್ರಾಣಿ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಮೇಲೆ ಬರುತ್ತದೆ. ಸೋಲಾರ್ ಎನರ್ಜೈಸರ್ ಬೇರೆಯದೇ ವಸ್ತು. ಸೆಕೆಂಡಿಗೊಂದರಂತೆ ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ಹೊಡೆತ ಕೊಟ್ಟು ಸುಮ್ಮನಾಗುತ್ತದೆ, ಆ ಬಿಡುವಿನಲ್ಲಿ ಪ್ರಾಣಿ ಹಿಂದೆ ಸರಿಯುತ್ತದೆ. ಹೊಲದೊಳಗೆ ಮೇವಿನ ತುಂಡುಗಳನ್ನು ಬೇರೆ ಮಾಡಲು ಅದು ಚೆನ್ನ. ಆದರೆ ಸುತ್ತುಬೇಲಿಯಾಗಿ ಅದೊಂದನ್ನೇ ನಂಬಲು ನಿಮ್ಮ ಸೀಮೆಯ ಬೇಸಿಗೆ ಬಿಡುವುದಿಲ್ಲ. ಒಣನೆಲದಲ್ಲಿ ಅರ್ಥಿಂಗ್ ಕೆಲಸ ಮಾಡುವುದಿಲ್ಲ, ಮಳೆಗಾಲದಲ್ಲಿ ಹುಲ್ಲು ತಂತಿಗೆ ತಾಗಿ ಹೊಡೆತ ನೆಲಕ್ಕಿಳಿಯುತ್ತದೆ, ಕುರಿಗೆ ಉಣ್ಣೆಯೇ ಕಂಬಳಿ. ಎನರ್ಜೈಸರನ್ನು ಮುಳ್ಳುತಂತಿಗಂತೂ ಯಾವತ್ತೂ ಜೋಡಿಸಬೇಡಿ, ಸಿಕ್ಕಿಕೊಂಡದ್ದು ಹಿಂದೆ ಸರಿಯಲಾರದು.

ಈಗ ಲೆಕ್ಕ. ನಿಮ್ಮ ಸುತ್ತಳತೆ 1386 ಅಡಿ. ಇದೇ ಎರಡು ಎಕರೆ ಚೌಕವಾಗಿದ್ದಿದ್ದರೆ 1180 ಅಡಿಗೆ ಮುಗಿಯುತ್ತಿತ್ತು, ಪಟ್ಟಿ ಜಮೀನಿಗೆ ಬೇಲಿ ಯಾವಾಗಲೂ ದುಬಾರಿ. 12 ಅಡಿಯ ಗೇಟು ಕಳೆದರೆ 1374. ಮೇಕೆ ಮುಂಗಾಲಿಟ್ಟು ಜಾಲರಿಯ ಮೇಲೆ ನಿಲ್ಲುವುದರಿಂದ 10 ಅಡಿ ಅಂತರ ಹೆಚ್ಚಾಯಿತು, 8 ಅಡಿ ಇಡಿ. 173 ಕಂಬ ಬೇಕಾಗುತ್ತದೆ. ಅದರ ಮೇಲೆ ಆನಿಕೆಗೆ (ಮೂಲೆ ಮುಂತಾದ ಕಂಬ ವಾಲದಂತೆ ಓರೆಯಾಗಿ ಕೊಡುವ ಕಲ್ಲು) 16, ಒಡೆಯುವುದಕ್ಕೆಂದು ಐದಾರು. 195 ಎಂದಿಟ್ಟುಕೊಳ್ಳಿ. ಜಾಲರಿ 50 ಅಡಿಯ ಸುರುಳಿಯಾದರೆ 28. ಅದನ್ನು ಹಿಡಿದಿಡಲು 10 ಗೇಜಿನ ಮೂರು ಸಾಲು ಬರಿ ತಂತಿ, ಬುಡದಲ್ಲಿ, ನಡುವೆ, ತಲೆಯಲ್ಲಿ: 82 ಕಿಲೋ ಆಸುಪಾಸು. ಮುಳ್ಳುತಂತಿ ಎರಡು ಸಾಲಿಗೆ 840 ಮೀಟರ್. ಎರಡೂ ಎಳೆ 12 ಗೇಜಿನದಾದರೆ ಕಿಲೋಗೆ ಸರಿಸುಮಾರು 9 ಮೀಟರ್ ಬರುತ್ತದೆ. ಅಂದರೆ 95 ಕಿಲೋ. ಅಂಗಡಿಯವರು ಕಿಲೋಗೆ 14, 15 ಮೀಟರ್ ಬರುತ್ತದೆ ಎಂದು ಹೊಗಳಿದರೆ ಅದು 14 ಗೇಜು, ತೆಳುವು. ತೂಕಕ್ಕೆ ಕೊಳ್ಳುವ ಸರಕನ್ನು ಒಂದು ಮೀಟರ್ ಕತ್ತರಿಸಿ ತೂಗಿಸಿಕೊಂಡೇ ಕೊಳ್ಳಿ.

ಕಲ್ಲು ಇಳಿಸಿಕೊಳ್ಳುವಾಗ ಪ್ರತಿಯೊಂದನ್ನೂ ಎರಡು ಗುಂಡುಕಲ್ಲಿನ ಮೇಲೆ ಮಲಗಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಠಣ್ ಎಂದರೆ ಒಳ್ಳೆಯದು. ದಬ್ ಎಂದರೆ ಒಳಗೆಲ್ಲೋ ಸೀಳಿದೆ, ಅದು ನಿಲ್ಲಿಸುವಾಗಲೋ ತಂತಿ ಎಳೆಯುವಾಗಲೋ ನಡುವೆ ಮುರಿಯುತ್ತದೆ. ಲಾರಿಯವರು ಅವಸರ ಮಾಡುತ್ತಾರೆ, ಮಾಡಲಿ. ಈ ಕೆಲಸಕ್ಕೆ ಮಾವನವರ ಕಿವಿ ನಿಮ್ಮೆಲ್ಲರ ಕಿವಿಗಿಂತ ಚೆನ್ನಾಗಿದ್ದೀತು.

ಭಾರದ ಮಾತಿಗೆ ಬಂದರೆ, ಏಳಡಿ ಉದ್ದ, ಆರು ಅಂಗುಲ ಅಗಲ, ನಾಲ್ಕು ಅಂಗುಲ ದಪ್ಪದ ಗ್ರಾನೈಟ್ ಕಂಬ 85, 90 ಕಿಲೋ ತೂಗುತ್ತದೆ. ಮೂಲೆಗೆ ಬೇಕಾದ ಎಂಟಡಿ ಉದ್ದ, ಎಂಟು ಅಂಗುಲ ಅಗಲ, ಆರು ಅಂಗುಲ ದಪ್ಪದ್ದು 200 ಕಿಲೋ. ಇದನ್ನು ನಿಲ್ಲಿಸಲು ಕಲ್ಲಿನ ಕೆಲಸ ಗೊತ್ತಿದ್ದ ಇಬ್ಬರನ್ನು ಕೂಲಿಗೆ ಕರೆಯಿರಿ. ಕಾಲ್ಬೆರಳು ಜಜ್ಜುವುದು, ಸೊಂಟ ಹಿಡಿಯುವುದು ಇಲ್ಲೇ. ಗುಂಡಿಗಳನ್ನು ನೀವೇ ತೋಡಬಹುದು. ಹದವಿರುವ ಕೆಂಪು ಮಣ್ಣಿನಲ್ಲಿ ಒಬ್ಬರು ದಿನಕ್ಕೆ ಹತ್ತು, ಹನ್ನೆರಡು ಗುಂಡಿ ತೋಡುತ್ತಾರೆ, ಅದೇ ಮಾರ್ಚಿನಲ್ಲಿ ಹಾರೆ ಬಿದ್ದರೆ ಕಿಡಿ ಬರುತ್ತದೆ. ಹಿಂಗಾರು ಮುಗಿಯುತ್ತಿದ್ದಂತೆ, ನವೆಂಬರ್ ಕೊನೆಗೆ ಶುರು ಮಾಡಿ. ಟ್ರ್ಯಾಕ್ಟರಿನ ಗುಂಡಿ ತೋಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಎರಡು ದಿನದ ಕೆಲಸ.

ಗುಂಡಿ ಒಂದಡಿ ಅಗಲ, ಎರಡಡಿ ಆಳ. ಕಲ್ಲು ನಿಲ್ಲಿಸಿದ ಮೇಲೆ ಮಣ್ಣನ್ನು ಒಂದೇ ಸಲ ಸುರಿದು ಮೇಲೆ ತುಳಿಯುವುದೇ ಎಲ್ಲರೂ ಮಾಡುವ ತಪ್ಪು. ಆರು ಅಂಗುಲ ತುಂಬಿ, ಹಾರೆಯ ಮೊಂಡು ತುದಿಯಿಂದ ಸುತ್ತಲೂ ಕುಟ್ಟಿ, ಮತ್ತೆ ಆರು ಅಂಗುಲ. ತೆಗೆದ ಮಣ್ಣೆಲ್ಲ, ಕಂಬ ಜಾಗ ತಿಂದ ಮೇಲೂ, ಹೆಚ್ಚುಕಡಿಮೆ ಗುಂಡಿಗೇ ಹಿಂತಿರುಗಿದರೆ ದಮ್ಮಸ್ಸು ಸರಿಯಾಗಿದೆ. ಪಕ್ಕದಲ್ಲಿ ಗುಡ್ಡೆ ಉಳಿದಿದ್ದರೆ ಆ ಕಂಬ ಮೊದಲ ಮಳೆಗೆ ಅಲ್ಲಾಡುತ್ತದೆ. ಹೀಗೆ ಕುಟ್ಟಿದ ಕಂಬಕ್ಕೆ ಸಿಮೆಂಟ್ ಬೇಡ. ಎಲ್ಲಕ್ಕೂ ಹಾಕಹೊರಟರೆ ಮೂವತ್ತೈದು ಚೀಲ ನೆಲದೊಳಗೆ ಹೋಗುತ್ತದೆ, ಮುಂದೆ ಮುರಿದ ಕಲ್ಲು ಬದಲಿಸುವಾಗ ಅದನ್ನೇ ಒಡೆಯಬೇಕು.

ಎರೆ ಭಾಗದ ಕಂಬಗಳಿಗೆ ಬೇರೆ ಕ್ರಮ. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಉಬ್ಬುವಾಗ ಕಂಬವನ್ನು ಹಿಡಿದು ಮೇಲೆತ್ತುತ್ತದೆ, ಬಿರಿದಾಗ ಸಡಿಲ ಬಿಡುತ್ತದೆ. ಅಲ್ಲಿ ಮೂರಡಿ ಆಳ ಹೋಗಿ, ಎಂಟಡಿಯ ಕಲ್ಲು ಬಳಸಿ, ತೆಗೆದ ಎರೆಯನ್ನು ಹಿಂದಕ್ಕೆ ಹಾಕದೆ ಗರಸು ತುಂಬಿ ಕುಟ್ಟಿ. ಕೆಳಗಿನ 165 ಅಡಿಯ ಇಪ್ಪತ್ತು ಚಿಲ್ಲರೆ ಕಂಬಕ್ಕೆ ಒಂದು ಟ್ರ್ಯಾಕ್ಟರ್ ಲೋಡ್ ಗರಸು ಧಾರಾಳ.

ದುಡ್ಡು ಹಾಕಬೇಕಾದದ್ದು ಮೂಲೆಗೆ. ಬಿಗಿದ ಒಂದು ತಂತಿ ನೂರು ಕಿಲೋದಷ್ಟು ಎಳೆಯುತ್ತದೆ. ನಿಮ್ಮದು ಮೂರು ಬರಿ ತಂತಿ, ಎರಡು ಮುಳ್ಳುತಂತಿ: ಅರ್ಧ ಟನ್ನು, ಹಗಲೂ ರಾತ್ರಿ, ವರ್ಷಾನುಗಟ್ಟಲೆ. ನಡುವಿನ ಕಂಬಗಳು ತಂತಿಯನ್ನು ಎತ್ತಿ ಹಿಡಿಯುತ್ತವೆ ಅಷ್ಟೆ, ಎಳೆತ ಹೊರುವುದು ಮೂಲೆ. ಮೂಲೆ ಎರಡು ಅಂಗುಲ ಒಳಕ್ಕೆ ವಾಲಿದರೆ 500 ಅಡಿಯ ತಂತಿ ಪೂರ್ತಿ ಜೋತುಬೀಳುತ್ತದೆ. ಬೇಲಿ ಕೆಟ್ಟಿತು ಎಂದು ಕರೆಸಿದ ಕಡೆಯಲ್ಲಿ ತಂತಿ ತುಕ್ಕು ಹಿಡಿದಿರುವುದು ಕಡಿಮೆ, ಮೂಲೆ ವಾಲಿರುವುದೇ ಹೆಚ್ಚು.

ಮೂಲೆಗೆ ಆನಿಕೆ ಕಲ್ಲು ಯಾವ ಕಡೆ ಕೊಡಬೇಕೆಂಬುದರಲ್ಲೂ ಗೊಂದಲವಿದೆ. ಎಳೆತ ಒಳಗಿನದಲ್ಲವೇ ಎಂದು ಕೆಲವರು ಹೊರಗೆ ಓರೆಗಲ್ಲು ನಿಲ್ಲಿಸುತ್ತಾರೆ. ಕಲ್ಲು ಒತ್ತಡ ತಡೆಯುತ್ತದೆ, ಎಳೆತ ತಡೆಯದು. ಹೊರಗಿಟ್ಟ ಕಲ್ಲಿನಿಂದ ಕಂಬ ದೂರ ಸರಿಯುತ್ತದೆ, ಕಲ್ಲು ಸುಮ್ಮನೆ ನೋಡುತ್ತಿರುತ್ತದೆ. ಆನಿಕೆ ಬೇಲಿಯ ಸಾಲಿನಲ್ಲೇ, ತಂತಿ ಹೋಗುವ ದಿಕ್ಕಿಗೇ ಇರಬೇಕು. ಮೇಲ್ತುದಿ ಕಂಬಕ್ಕೆ ನೆಲದಿಂದ ಮೂರಡಿ ಎತ್ತರದಲ್ಲಿ ಕಚ್ಚು ಹೊಡೆದು ಕೂರಿಸಿ. ಕೆಳತುದಿ ಕಂಬದಿಂದ ನಾಲ್ಕೂವರೆ ಅಡಿ ದೂರದಲ್ಲಿ, ನೆಲದೊಳಗೆ ಒಂದು ಚಪ್ಪಡಿಗೆ ಒರಗಲಿ. ಅದನ್ನು ತೀರ ಕಡಿದಾಗಿ ನಿಲ್ಲಿಸಿದರೆ ಜಾಕಿನ ಹಾಗೆ ಕಂಬವನ್ನೇ ಮೇಲೆತ್ತುತ್ತದೆ. ಮೂಲೆಗೆ ಎರಡೂ ಸಾಲಿನ ಕಡೆ ಒಂದೊಂದು. ಉದ್ದನೆಯ ಎರಡೂ ಬದಿಯಲ್ಲಿ 176 ಅಡಿಗೊಂದರಂತೆ ತಲಾ ಎರಡು ಬಿಗಿಕಂಬ (ನಡುವೆ ತಂತಿಯನ್ನು ಎಳೆದು ಬಿಗಿಯುವ ಗಟ್ಟಿ ಕಂಬ), ಅವಕ್ಕೂ ಎರಡು ಕಡೆ ಆನಿಕೆ. ಗೇಟನ್ನು ಮೂಲೆಯ ಪಕ್ಕಕ್ಕೇ ಇಡಿ. ಅಟ್ಟಿಸಿಕೊಂಡ ಮಂದೆ ತಾನಾಗಿ ಮೂಲೆಗೆ ಸೇರುತ್ತದೆ, ಗೇಟಿನ ಒಂದು ಕಂಬವೂ ಉಳಿಯುತ್ತದೆ. ಆ ಮೂಲೆಗೆ ಗೇಟಿನ ಕಡೆ ತಂತಿ ಇಲ್ಲವಾದ್ದರಿಂದ ಒಂದೇ ಆನಿಕೆ, ಗೇಟಿನ ಇನ್ನೊಂದು ಕಂಬಕ್ಕೂ ಒಂದೇ.

ಈ ನಾಲ್ಕು ಮೂಲೆ, ನಾಲ್ಕು ಬಿಗಿಕಂಬ, ಒಂದು ಗೇಟ್ ಕಂಬ, ಒಟ್ಟು ಒಂಬತ್ತಕ್ಕೆ ಮಾತ್ರ ಕಾಂಕ್ರೀಟ್. ಒಂದೂವರೆ ಅಡಿ ಚೌಕ, ಮೂರಡಿ ಆಳ. ಒಂದು ಬಾಂಡ್ಲಿ ಸಿಮೆಂಟಿಗೆ ಮೂರು ಮರಳು, ಆರು ಜಲ್ಲಿ. ಕಂಬಗಳಿಗೆ ಏಳು ಚೀಲ, ಆನಿಕೆಗಳ ಬುಡಕ್ಕೆ ಇನ್ನೆರಡು. ಎರೆಯಲ್ಲಿ ಬರುವ ಎರಡು ಮೂಲೆಗೆ ಗುಂಡಿಯ ಬಾಯಿಗಿಂತ ತಳವನ್ನು ಅಗಲ ಮಾಡಿ, ಮೇಲೆತ್ತುವುದು ತಪ್ಪುತ್ತದೆ. ಗೋಣಿ ಹೊದಿಸಿ ಏಳು ದಿನ ನೀರು ಹಾಕಿ, ಹತ್ತನೇ ದಿನದ ಮೊದಲು ತಂತಿ ಬಿಗಿಯಬೇಡಿ. ಅವಸರಕ್ಕೆ ಮೂರನೇ ದಿನ ಬಿಗಿದ ಮೂಲೆಗಳೇ ಮರುವರ್ಷ ರಿಪೇರಿಗೆ ಬರುವುದು.

ಜಾಲರಿಯನ್ನು ಕಂಬದ ಒಳಮೈಗೆ, ಮೇಕೆ ಇರುವ ಕಡೆಗೆ ಕಟ್ಟಿ. ಮೇಕೆ ಒತ್ತಿದಾಗ ಭಾರ ಕಂಬದ ಮೇಲೆ ಬೀಳುತ್ತದೆ. ಹೊರಗೆ ಕಟ್ಟಿದರೆ ಕಟ್ಟುತಂತಿಯ ಮೇಲೆ ಬೀಳುತ್ತದೆ. ಇನ್ನೊಂದು ಲಾಭವಿದೆ: ಆನಿಕೆ ಕಲ್ಲು ಮೇಕೆಗೆ ಏಣಿ ಇದ್ದ ಹಾಗೆ, ಜಾಲರಿ ಒಳಗಿದ್ದರೆ ಏಣಿ ಆಚೆ ಉಳಿಯುತ್ತದೆ. ಮುಳ್ಳುತಂತಿ ಎರಡೂ ಸಾಲು ಹೊರಮೈಗೆ. ಬುಡವನ್ನು ಮಣ್ಣಿನಲ್ಲಿ ಹೂಳಬೇಡಿ, ಸತುವಿನ ಲೇಪ ಬೇಗ ತಿಂದುಹೋಗುತ್ತದೆ. ಬುಡದ ತಂತಿಗೆ ಅಡಿಗೊಂದು ಕಟ್ಟು ಹಾಕಿ, ಹೊರಗಿನಿಂದ ಹೊಲದ ಗುಂಡುಕಲ್ಲುಗಳನ್ನು ಸಾಲಾಗಿ ಒತ್ತಿಡಿ. ನಾಯಿ ಕೆರೆಯುವುದು ಅಲ್ಲಿಗೆ ನಿಲ್ಲುತ್ತದೆ. ಕೊರಕಲು ದಾಟುವ ಕಡೆ ಬೇಲಿಯನ್ನು ನೆಲಕ್ಕೆ ಇಳಿಸದೆ ನೇರ ಎಳೆದು, ಕೆಳಗಿನ ಸಂದಿಗೆ ಬೇರೆಯೇ ಒಂದು ಜಾಲರಿ ತುಂಡನ್ನು ಪರದೆಯಂತೆ ನೇತುಹಾಕಿ. ನೀರು ಬಂದರೆ ಅದು ಮೇಲೇಳುತ್ತದೆ, ಕೊಚ್ಚಿ ಹೋದರೂ ತುಂಡೊಂದೇ ಹೋಗುತ್ತದೆ.

ತಂತಿ ಬಿಗಿಯುವುದು ಕೈರಾಟೆಯಿಂದ, ಟ್ರ್ಯಾಕ್ಟರಿನಿಂದ ಅಲ್ಲ. ಟ್ರ್ಯಾಕ್ಟರಿಗೆ ತಂತಿಯ ನೋವು ತಿಳಿಯುವುದಿಲ್ಲ. ಕಡಿದ ತಂತಿ ಚಾವಟಿಯಂತೆ ಹಿಂದಕ್ಕೆ ಬಂದು ಮುಖಕ್ಕೆ ಹೊಡೆಯುತ್ತದೆ. ನಡುವಿನ ಕಂಬಕ್ಕೆ ಮೂಲ ತಂತಿಯನ್ನು ಸುತ್ತಬೇಡಿ. ಬೇರೆ ಕಟ್ಟುತಂತಿಯನ್ನು ಕಲ್ಲಿಗೆ ಸುತ್ತಿ, ಮೂಲ ತಂತಿ ಅದರೊಳಗೆ ಜಾರುವಷ್ಟು ಸಡಿಲವಿರಲಿ. ಕಟ್ಟು ಕೆಳಗೆ ಜಾರದಂತೆ ಕಲ್ಲಿನ ಹಿಂದಿನ ಎರಡು ಅಂಚಿಗೆ ಉಳಿಯಿಂದ ಸಣ್ಣ ಕಚ್ಚು ಸಾಕು. ಚಳಿಗಾಲದ ಬೆಳಗ್ಗೆ ಬಿಗಿಯಾಗಿ ಕಂಡ ತಂತಿ ಏಪ್ರಿಲ್ ಬಿಸಿಲಿಗೆ ಕಂಬದಿಂದ ಕಂಬಕ್ಕೆ ಅಂಗುಲದಷ್ಟು ಜೋಲುತ್ತದೆ, ಆದ್ದರಿಂದ ಬಿಗಿಯುವ ಕೆಲಸ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಮನೆಮಂದಿಯ ಹಂಚಿಕೆ ಹೀಗಿದ್ದರೆ ಚೆನ್ನ. ದಾರ ಎಳೆಯುವುದು, 8 ಅಡಿಗೆ ಸುಣ್ಣದ ಗುರುತು, ಜಾಲರಿಯ ಕಟ್ಟು ಹಾಕುವುದು ಮಗಳಿಗೂ ನಿಮಗೂ. ಗುಂಡಿ, ದಮ್ಮಸ್ಸು ಮಗನಿಗೆ. ತೂಗುಗುಂಡು ಹಿಡಿದು ಕಂಬ ನೆಟ್ಟಗಿದೆಯೇ ಎಂದು ನೋಡುವುದು ಮಾವನವರಿಗೆ. ಮುಳ್ಳುತಂತಿ ಬಿಚ್ಚುವಾಗ ಸುರುಳಿಯ ನಡುವೆ ಹಾರೆ ತೂರಿಸಿ ಇಬ್ಬರು ಹಿಡಿದು ನಡೆಯಬೇಕು, ಬಿಚ್ಚಿದ ಸುರುಳಿಯೊಳಗೆ ಕಾಲಿಡಬಾರದು. ರಾಟೆ ತಿರುಗಿಸುವಾಗ ಮಕ್ಕಳು ಆ ಸಾಲಿನಲ್ಲೇ ಇರಬಾರದು. ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಶುರುವಿಗೆ ಮೊದಲೇ ಎಲ್ಲರಿಗೂ ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಇಷ್ಟಕ್ಕೂ ಮೊದಲು ಗಡಿ. ಬಾಂದು ಕಲ್ಲು ಕಾಣದಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಅಳತೆ ಮಾಡಿಸಿಕೊಳ್ಳಿ, ಅಕ್ಕಪಕ್ಕದವರಿಗೂ ನೋಟಿಸ್ ಹೋಗಲಿ. ಟಿಪ್ಪಣಿಯಲ್ಲಿ (ಜಮೀನಿನ ಹಳೆಯ ಸರ್ವೆ ದಾಖಲೆ) ಅಳತೆ ಸರಪಳಿ, ಆಣೆಯಲ್ಲಿರುತ್ತದೆ: ಒಂದು ಸರಪಳಿ 33 ಅಡಿ, 16 ಆಣೆ. ನಿಮ್ಮ 165 ಅಡಿ ಎಂದರೆ ಐದು ಸರಪಳಿ, 528 ಎಂದರೆ ಹದಿನಾರು, ತಾಳೆ ನೋಡಿ. ಹಳ್ಳದ ಕಡೆ ಪಹಣಿಯಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆಂದು ಬಿಟ್ಟ, ಸಾಗುವಳಿಗಿಲ್ಲದ ಜಾಗ) ತೋರಿಸಿದ್ದರೆ ಅಷ್ಟು ಬಿಟ್ಟೇ ಬೇಲಿ ಹಾಕಬೇಕು. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದ್ದರೆ ಅದನ್ನು ಮುಚ್ಚುವ ಹಾಗಿಲ್ಲ.

ಕೈಯಲ್ಲಿ ದುಡ್ಡು ಸಾಲದಿದ್ದರೆ ಎರಡು ಎಕರೆಗೂ ಅರೆಬರೆ ಬೇಲಿ ಹಾಕುವ ಬದಲು ಮೇಲಿನ ಕೆಂಪು ಮಣ್ಣಿನ ಒಂದು ಎಕರೆಗೆ ಪೂರ್ತಿ ಹಾಕಿ. ಸುತ್ತಳತೆ 858 ಅಡಿಗೆ ಇಳಿಯುತ್ತದೆ, ಎರೆಯ ತಲೆನೋವೂ ಮುಂದಕ್ಕೆ ಹೋಗುತ್ತದೆ. ಇನ್ನೊಂದು: ನಿಮ್ಮ ಸೀಮೆಯಲ್ಲಿ ಚಿರತೆ ಓಡಾಡುತ್ತದೆ, ಅದಕ್ಕೆ ಈ ಬೇಲಿ ಲೆಕ್ಕವೇ ಅಲ್ಲ. ರಾತ್ರಿ ಕುರಿ, ಮೇಕೆಗಳು ಮೇಲೂ ಜಾಲರಿ ಇರುವ ದೊಡ್ಡಿಯಲ್ಲೇ ಇರಬೇಕು.

ಕಲ್ಲುಕಂಬ ಸಿಡಿಲನ್ನು ನೆಲಕ್ಕಿಳಿಸುವುದಿಲ್ಲ. ಬೇಲಿಗೆ ಸಿಡಿಲು ಬಡಿದರೆ ದೂರದಲ್ಲಿ ತಂತಿಗೆ ಒರಗಿ ನಿಂತ ಹಸುವೂ ಸಾಯಬಹುದು. 150 ಅಡಿಗೊಂದು ಕಡೆ ಐದಡಿಯ ಜಿಐ ಪೈಪನ್ನು ನೆಲಕ್ಕೆ ಹೊಡೆದು ಎಲ್ಲ ಸಾಲನ್ನೂ ಅದಕ್ಕೆ ಕಟ್ಟಿ. ಕೆಲಸ ಮುಗಿದ ದಿನ ನಾಲ್ಕೂ ಮೂಲೆಗೆ ತೂಗುಗುಂಡು ಬಿಟ್ಟು, ಗುಂಡು ನಿಂತ ಜಾಗಕ್ಕೆ ಬುಡದ ಕಾಂಕ್ರೀಟಿನ ಮೇಲೆ ಬಣ್ಣದ ಚುಕ್ಕೆ ಇಡಿ. ಮೊದಲ ಜೋರು ಮಳೆ ಆದ ವಾರ ಮತ್ತೆ ಗುಂಡು ಬಿಟ್ಟು ನೋಡಿ. ಚುಕ್ಕೆಯಿಂದ ಅರ್ಧ ಅಂಗುಲ ಸರಿದಿದ್ದರೆ ಆನಿಕೆಯ ಬುಡದ ಚಪ್ಪಡಿ ಕುಸಿದಿದೆ ಎಂದೇ ಅರ್ಥ. ತಂತಿ ಸಡಿಲಿಸಿ ಚಪ್ಪಡಿಯ ಹಿಂದೆ ಇನ್ನೊಂದು ಕಲ್ಲು ಕೊಟ್ಟು ಕುಟ್ಟಿ, ಆಮೇಲೆ ಬಿಗಿಯಿರಿ.